ಒಂದು ಒತ್ತಿನ ಜಾಗ

ಮೇಸ್ತ್ರಿಯ ಕೆತ್ತನೆಯಲ್ಲಿ ತಪ್ಪು ಹುಡುಕುವುದೂ ಒಂದೇ, ಮೊಸರಿನಲ್ಲಿ ಕಲ್ಲು ಹುಡುಕುವುದೂ ಒಂದೇ ಎಂದು ಪೇಟೆಯವರು ಹೇಳುತ್ತಿದ್ದರು. ಹೇಳಿದವರದ್ದೇನೂ ತಪ್ಪಿಲ್ಲ. ಅದನ್ನು ನಂಬಿ ಕೂತನಲ್ಲ, ಅಲ್ಲೇ ಅವನು ಕೆಟ್ಟದ್ದು.

ಯುದ್ಧ ಮುಗಿದ ಮೇಲೆ, ಸೈನಿಕರು ಮೂರು ದಿನ ಕಾದಾಡಿ ಉಳಿಸಿಕೊಂಡ ಬೆಟ್ಟದ ನೆತ್ತಿಯಲ್ಲೇ ಸ್ಮಾರಕ ಕಟ್ಟಿದರು. ಸತ್ತವರ ಹೆಸರು ಕೆತ್ತುವ ಕೆಲಸ ಮೇಸ್ತ್ರಿಯ ಪಾಲಿಗೆ ಬಂತು. ಕಚೇರಿ ಕಳಿಸಿದ ಪಟ್ಟಿಯಲ್ಲಿ ಬರೀ ಹೆಸರುಗಳು, ಒಟ್ಟು ನಲವತ್ತೇಳು. ಕಪ್ಪು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿದ. ಎಡಕ್ಕೆ ಇಪ್ಪತ್ಮೂರು, ಬಲಕ್ಕೆ ಇಪ್ಪತ್ಮೂರು. ಒಂದು ಹೆಸರು ಮಾತ್ರ ಅಡಿಯಲ್ಲಿ ತಬ್ಬಲಿಯ ಹಾಗೆ ಉಳಿಯುತ್ತಿತ್ತು. ಇಷ್ಟು ಅಚ್ಚುಕಟ್ಟಿನ ಮನುಷ್ಯನಿಗೆ ಅದು ಕಣ್ಣಿಗೆ ಬಿದ್ದ ಕಸವಾಯಿತು. ಪಟ್ಟಿಯನ್ನು ಮತ್ತೆ ಓದಿದಾಗ ಹತ್ತೊಂಬತ್ತನೆಯ ಮತ್ತು ಇಪ್ಪತ್ತನೆಯ ಸಾಲಿನಲ್ಲಿ ಒಂದೇ ಹೆಸರು ಎರಡು ಸಲ ಕಂಡಿತು. ಗುಮಾಸ್ತ ತೂಕಡಿಸಿರಬೇಕು ಎಂದು ನಕ್ಕು, ಕೆಳಗಿನದನ್ನು ಹೊಡೆದುಹಾಕಿದ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ಸಾಲು ಸರಿಹೋಗಿತ್ತು. ಅಡಿಯಲ್ಲಿ ಮಿಕ್ಕ ಜಾಗ ಬೋಳಾಗಿ ಕಾಣಬಾರದೆಂದು ಅಲ್ಲೊಂದು ಸಣ್ಣ ಸಾಲು ಕೆತ್ತಿ ಕೆಲಸ ಮುಗಿಸಿದ.

ಸ್ಮಾರಕ ನೋಡಿಕೊಳ್ಳುವ ಕೆಲಸವೂ ಅವನಿಗೇ ಸಿಕ್ಕಿತು. ಮರುವರ್ಷ, ಮೆಟ್ಟಿಲು ರಿಪೇರಿಗೆಂದು ಅವನು ಮೇಲೆ ಹೋಗಿದ್ದಾಗ ಟೀಚರಮ್ಮ ಬಂದರು. ಬೆಟ್ಟದಾಚೆಯ ಊರಿನವರು, ಶಾಲೆಯಿಂದ ನಿವೃತ್ತರಾದವರು. ಅವರ ತಮ್ಮ ಇಲ್ಲೇ ಕಾದಾಡಿ ಆಳದ ಕಮರಿಗೆ ಬಿದ್ದಿದ್ದ. ಹೆಣವೂ ಸಿಕ್ಕಿರಲಿಲ್ಲ. ತಮ್ಮನದ್ದೆಂದು ಮುಟ್ಟಲು ಅವರಿಗೆ ಉಳಿದದ್ದು ಈ ಕಲ್ಲಿನ ಮೇಲಿನ ಹೆಸರೊಂದೇ.

"ಮೇಸ್ತ್ರಿ, ಇಲ್ಲಿ ತ ಕೆಳಗೆ ಒಂದು ಒತ್ತು ಬರ್ಬೇಕು, ಬಿಟ್ಬಿಟ್ಟಿದ್ದೀರಿ. ನನ್ನ ಕ್ಲಾಸಲ್ಲಿ ಆಗಿದ್ರೆ ಹತ್ತು ಸಲ ಬರೆಸ್ತಿದ್ದೆ" ಎಂದು ನಗುತ್ತಲೇ ಹೇಳಿದರು.

ಮೇಸ್ತ್ರಿ ಮನೆಗೆ ಬಂದವನೇ ಪೆಟ್ಟಿಗೆಯಿಂದ ಪಟ್ಟಿ ತೆಗೆದ. ಹತ್ತೊಂಬತ್ತನೆಯ ಹೆಸರಿಗೆ ಒತ್ತಿಲ್ಲ. ಇಪ್ಪತ್ತನೆಯದಕ್ಕೆ ಇದೆ, ಅವನೇ ಎಳೆದ ಗೆರೆಯ ಕೆಳಗೆ ಹುಲ್ಲಿನ ಬೀಜದಷ್ಟು ಸಣ್ಣಗೆ. ಒಬ್ಬನಲ್ಲ, ಇಬ್ಬರು.

ಹಾಗೆಂದು ಬಾಯಿ ಬಿಟ್ಟನೇ? ಇಲ್ಲ. ಟೀಚರಮ್ಮ ವರ್ಷ ವರ್ಷ ಇನ್ನೂರು ಮೆಟ್ಟಿಲು ಹತ್ತಿ ಬಂದು, ಪರರ ಹೆಸರಿನ ಮೇಲೆ ಅಂಗೈ ಇಟ್ಟು ಅತ್ತು, ಹೋಗುವಾಗ ಒತ್ತಿನ ವಿಷಯ ಎತ್ತುತ್ತಿದ್ದರು. ಇವನು ಒಂದು ವರ್ಷ ಕಲ್ಲು ಸೀಳಿಹೋಗುತ್ತದೆ ಎಂದ, ಇನ್ನೊಂದು ವರ್ಷ ಕಚೇರಿಯ ಅಪ್ಪಣೆ ಬೇಕು ಎಂದ. ಒಂದು ವರ್ಷವಂತೂ ಅವರನ್ನು ದೂರದಿಂದ ಕಂಡು ಹಳೆಯ ಬಂಕರಿನೊಳಗೆ ಅಡಗಿ ಕೂತ. ಸೈನಿಕರು ಎದೆಯೊಡ್ಡಿ ನಿಂತ ಜಾಗದಲ್ಲಿ ಒಬ್ಬ ಮುದುಕಿಗೆ ಹೆದರಿ ಕೂತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಅವರು ಇಳಿದುಹೋಗುವ ತನಕ ಹೊರಗೆ ಬರಲಿಲ್ಲ.

ಒಂಬತ್ತನೆಯ ವರ್ಷ ಟೀಚರಮ್ಮ ಕೋಲೂರಿಕೊಂಡು ಬಂದರು. ಚೀಲದಿಂದ ಕಾಗದ ತೆಗೆದರು. ಕಚೇರಿಯ ಅಪ್ಪಣೆ, ಸೀಲು ಸಮೇತ.

"ಮುಂದಿನ ವರ್ಷ ಮೇಲೆ ಹತ್ತೋಕೆ ಈ ಮಂಡಿ ಬಿಡೋಲ್ಲ ಮೇಸ್ತ್ರಿ. ನನ್ನ ಕಣ್ಣೆದುರಿಗೇ ಹಾಕಿಬಿಡಿ. ಒಂದು ಒತ್ತು ತಾನೆ?"

ಇನ್ನು ಹೇಳಲು ನೆಪ ಉಳಿದಿರಲಿಲ್ಲ. ಮೇಸ್ತ್ರಿ ಉಳಿಯನ್ನು ತ ಅಕ್ಷರದ ಕೆಳಗಿಟ್ಟ. ಸುತ್ತಿಗೆ ಎತ್ತಿದ. ಹೋದ ತಿಂಗಳಷ್ಟೇ ಇದೇ ಹೆಸರಿನ ಮೇಲೆ ಹಾಳೆ ಇಟ್ಟು, ಪೆನ್ಸಿಲ್ ಉಜ್ಜಿ, ಮೂಡಿದ ಅಕ್ಷರಗಳನ್ನು ಮಡಿಸಿಕೊಂಡು ಹೋಗಿದ್ದಳು ಒಬ್ಬ ಹೆಂಗಸು, ಹತ್ತೊಂಬತ್ತನೆಯವನ ಮಗಳು. ಒಂದು ಏಟು ಹಾಕಿದರೆ ಅವಳ ಅಪ್ಪನೂ ಹೋದ. ಎತ್ತಿದ ಕೈ ಎತ್ತಿದಲ್ಲೇ ನಿಂತಿತು.

"ಅಮ್ಮಾ, ಇದು ನಿಮ್ಮ ತಮ್ಮ ಅಲ್ಲ" ಎಂದ.

ಆಮೇಲೆ ಎಲ್ಲವನ್ನೂ ಹೇಳಿದ. ಪಟ್ಟಿ, ಸಾಲು, ಹೊಡೆದುಹಾಕಿದ ಗೆರೆ, ಎಂಟು ವರ್ಷದ ಸುಳ್ಳು, ಬಂಕರು ಕೂಡ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದ. ಬೆಟ್ಟದ ನೆಲ, ಅದೂ ಕಲ್ಲು, ಬಾಯಿ ಬಿಡಲಿಲ್ಲ.

ಟೀಚರಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಕಲ್ಲಿನ ಮೇಲಿದ್ದ ಅಂಗೈಯನ್ನು ಮೆಲ್ಲಗೆ ತೆಗೆದು ಸೆರಗಿಗೆ ಒರೆಸಿಕೊಂಡರು. ಆಮೇಲೆ ಕೋಲಿನ ತುದಿಯಿಂದ ಕಲ್ಲಿನ ಅಡಿಯ ಸಣ್ಣ ಸಾಲನ್ನು ಮುಟ್ಟಿದರು.

"ಇಲ್ಲಿ 'ಕೆತ್ತನೆ' ಅಂತ ಬರೆದು, ಪಕ್ಕದಲ್ಲಿರೋದು ಯಾರ ಹೆಸರು?"

"ನಂದು."

"ನನ್ನ ತಮ್ಮನಿಗೆ ಜಾಗ ಇರ್ಲಿಲ್ಲ. ನಿನಗೆ ಇತ್ತು."

ಎಂಟು ವರ್ಷ 'ನೀವು' ಎಂದವರು ಈಗ 'ನೀನು' ಎಂದಿದ್ದರು. ಮೇಸ್ತ್ರಿಗೆ ಅದು ನ್ಯಾಯವೇ ಅನಿಸಿತು. ಕೆತ್ತಿದ ಅಕ್ಷರವನ್ನು ಅಳಿಸಲು ಬರುವುದಿಲ್ಲ. ಸುತ್ತಲಿನ ಕಲ್ಲನ್ನೇ ಅಷ್ಟು ಆಳಕ್ಕೆ ತೆಗೆಯಬೇಕು. ಮೊಣಕಾಲೂರಿ ಕೂತು ತನ್ನ ಹೆಸರಿನ ಮೊದಲ ಅಕ್ಷರಕ್ಕೆ ಉಳಿ ಹಚ್ಚಿದ. ಬಿಸಿಲು ನೆತ್ತಿಗೇರುವ ಹೊತ್ತಿಗೆ 'ಕೆತ್ತನೆ'ಯ ಜೊತೆಗೆ ಅವನ ಹೆಸರೂ ಪುಡಿಯಾಗಿ ಅವನ ತೊಡೆಯ ಮೇಲೆ ಬಿದ್ದಿತ್ತು.

ಟೀಚರಮ್ಮ ಮೆಟ್ಟಿಲ ಮೇಲೆ ಕೂತು ತಮ್ಮನ ಹೆಸರನ್ನು ಉಕ್ತಲೇಖನದ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಮೇಸ್ತ್ರಿ ಸೀಮೆಸುಣ್ಣದಲ್ಲಿ ಬರೆದುಕೊಂಡ. ಒತ್ತಿನ ಹತ್ತಿರ ಬಂದಾಗ ಕೈ ತಡೆಯಿತು. ಮೂವತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ ತಿರುಗಿ ಕೇಳಿದ:

"ಇಲ್ಲೇ ಅಲ್ವಾ ಅಮ್ಮಾ?"

"ಹೂಂ, ಅಲ್ಲೇ" ಎಂದರು ಟೀಚರಮ್ಮ. "ಕೇಳೋಕೆ ಇಷ್ಟೇ ಹೊತ್ತು ಸಾಕಿತ್ತು."