ಧರ್ಮೇಂದ್ರ ಭಾವನ ದೊಡ್ಡ ಜನರೇಟರ್

ಅನುಶ್ರೀಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕುಶಾಲನಗರದ ಹೊರಗೆ ಅವಳೂ ಗಂಡ ಅಶ್ವಥನೂ ನಡೆಸುವ ಹ್ಯಾಚರಿಯಲ್ಲಿ ನಾಟಿಕೋಳಿ ಮೊಟ್ಟೆಗಳು ಇವತ್ತೋ ನಾಳೆಯೋ ಒಡೆಯಬೇಕು. ಹಾಳಾದ್ದು, ಅಂಥ ಹೊತ್ತಿಗೇ ಮರ ಬಿದ್ದು ಕರೆಂಟಿನ ಲೈನು ಹರಿದಿತ್ತು. ವಾರದಿಂದ ಬಿಸಿಲಿಲ್ಲ, ಮಾಡಿನ ಮೇಲಿನ ಸೋಲಾರ್ ಹಲಗೆಗಳು ಮಳೆನೀರು ಇಳಿಸುವುದಕ್ಕಷ್ಟೇ ಲಾಯಕ್ಕು. ಬ್ಯಾಟರಿ ಸಂಜೆವರೆಗೆ ಬಂದರೆ ಪುಣ್ಯ. ಆಮೇಲೆ ಮೊಟ್ಟೆಗೆ ಕಾವು ಕೊಡುವ ಮಶೀನಿನ ಬಿಸಿ ಆರಿದರೆ ಮರಿಗಳು ಚಿಪ್ಪಿನೊಳಗೇ ಸಾಯುತ್ತವೆ.

ಫೋನು ಮತ್ತೆ ಬಡಿದುಕೊಂಡಿತು. ಜನರೇಟರ್ ಅಂಗಡಿಯ ರಂಜಿತಾ.

"ಮೇಡಂ, ಸಣ್ಣದನ್ನ ಗಾಡಿಗೆ ಹಾಕಿಟ್ಟಿದೀವಿ. ಹುದಿಕೇರಿಯವ್ರೂ ಅದನ್ನೇ ಕೇಳ್ತಿದಾರೆ. ಹೂಂ ಅಂತೀರೋ ಉಹೂಂ ಅಂತೀರೋ?"

"ಸ್ವಲ್ಪ ಇರಮ್ಮಾ, ಹೇಳ್ತೀನಿ."

ಹೇಳುವುದು ಹೇಗೆ? ಅಂಗಳದಲ್ಲಿ ಆಗಲೇ ಲಾರಿಯಿಂದ ಇಳಿದು ಕೂತಿತ್ತಲ್ಲ, ಮುಚ್ಚಿಹೋದ ರೆಸಾರ್ಟಿನ ಹಳೇ ದೊಡ್ಡ ಜನರೇಟರ್! ತಂದವನು ಅಶ್ವಥನ ದೊಡ್ಡಪ್ಪನ ಮಗ ಧರ್ಮೇಂದ್ರ. ಜಮೀನಿನ ತಕರಾರಿನಲ್ಲಿ ಇವರ ಬೆನ್ನಿಗೆ ನಿಂತವನು. ಅವನೆದುರು ಅಶ್ವಥನ ಬಾಯಿಂದ ಬೇಡ ಎಂಬ ಮಾತು ಹುಟ್ಟುವುದೇ ಇಲ್ಲ.

"ಊರಿಗೆಲ್ಲಾ ಕರೆಂಟ್ ಕೊಡುತ್ತೆ ಕಣಮ್ಮಾ ಇದು," ಎಂದು ಧರ್ಮೇಂದ್ರ ಅದರ ಬೆನ್ನು ತಟ್ಟಿದ.

"ಊರಿಗ್ಯಾಕೆ ಭಾವ? ನಮ್ಮ ಬ್ಯಾಟರಿ ತುಂಬಿಸಿದ್ರೆ ಸಾಕು. ಅದಕ್ಕೆ ಸಣ್ಣದಾದ್ರೂ ಒಂದೇ ಸಮ ಓಡೋದು ಬೇಕು."

"ನೋಡೇ ಬಿಡೋಣ ಅನು," ಎಂದ ಅಶ್ವಥ್, ಅವಳ ಮುಖ ನೋಡದೆ.

ಶುರುವಾಯಿತು ನೋಡಿ! ನೆಲ ಅದುರಿತು, ಕರೀ ಹೊಗೆ ಎದ್ದಿತು, ಪಕ್ಕದ ಮನೆಯ ನಾಯಿ ಕಂಬಿ ಕಿತ್ತಿತು. ಅನುಶ್ರೀ ಒಳಗೋಡಿ ಇನ್ವರ್ಟರ್ ಮುಂದೆ ನಿಂತಳು. ಹಸಿರು ದೀಪ ಹತ್ತಿತು. ಅವಳಿಗೆ ಹೋದ ಜೀವ ಬಂದಂತಾಯಿತು. ಟಕ್ ಎಂದು ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು. ಹೊರಗೆ ಜನರೇಟರ್ ಒಮ್ಮೆ ಅಬ್ಬರಿಸುವುದು, ಒಮ್ಮೆ ಏದುಸಿರು ಬಿಡುವುದು. ಆ ಏರಿಳಿತದ ಕರೆಂಟನ್ನು ಇನ್ವರ್ಟರ್ ಒಳಗೆ ಬಿಟ್ಟುಕೊಳ್ಳಲಿಲ್ಲ. ಬ್ಯಾಟರಿ ಇಳಿಯುತ್ತಲೇ ಇತ್ತು.

"ನಿನ್ನ ಡಬ್ಬಾನೇ ಸರಿಯಿಲ್ಲ," ಎಂದ ಬಾಗಿಲಿಗೆ ಬಂದ ಧರ್ಮೇಂದ್ರ. "ಅಶ್ವಥಾ, ಅದನ್ನ ಬಿಟ್ಟು ನೇರ ಮಶೀನಿಗೇ ಕೊಡೋ."

ಅಶ್ವಥನ ಕೈ ಸ್ವಿಚ್ಚಿಗೆ ಹೋಯಿತು. ಅನುಶ್ರೀ ಅಡ್ಡ ನಿಂತಳು.

"ಭಾವ, ಮೊದ್ಲು ನಿಮ್ಮ ಫೋನ್ ಚಾರ್ಜಿಗೆ ಹಾಕಿ ಇದಕ್ಕೆ. ಏನೂ ಆಗ್ಲಿಲ್ಲಾಂದ್ರೆ ಮಶೀನಿಗೆ ನಾನೇ ಕೊಡ್ತೀನಿ."

ಹೋದ ವಾರವಷ್ಟೇ ಕೊಂಡ ಫೋನು. ಧರ್ಮೇಂದ್ರ ಜೇಬಿಗೆ ಕೈ ಹಾಕಿದ. ಹಾಕಿದ ಕೈ ಅಲ್ಲೇ ಉಳಿಯಿತು.

ಅಶ್ವಥ್ ಆ ಜೇಬನ್ನೇ ನೋಡುತ್ತಿದ್ದ. ಇಷ್ಟೂ ಹೊತ್ತು ಮೂಲೆಯಲ್ಲಿ ಕೂತಿದ್ದ ಅವನ ತಾಯಿ ಕಾಮಾಕ್ಷಮ್ಮ ಸೆರಗು ಕೊಡವಿ ಎದ್ದರು.

"ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇರಲ್ಲ ಕಣೋ ಮಗನೇ. ಅದನ್ನ ಮೊದ್ಲು ನಿಲ್ಸು."

"ಬೇಡ ಅಣ್ಣಾ," ಎಂದ ಅಶ್ವಥ್. ಹುಟ್ಟಿದಾಗಿನಿಂದ ಬಾಕಿಯಿದ್ದ ಮಾತು, ಗೊಗ್ಗರು ದನಿಯಲ್ಲಿ ಬಂತು. ತಾನೇ ಹೋಗಿ ಜನರೇಟರ್ ಆರಿಸಿದ, ತಾನೇ ಫೋನು ಕಿವಿಗಿಟ್ಟ. "ರಂಜಿತಾ ಅವ್ರೇ, ಗಾಡಿ ಇದೆಯಾ? ಹುದಿಕೇರಿಗೆ ಕೊಟ್ಬಿಟ್ರಾ?... ಅಬ್ಬಾ! ಹೊರಡಿ, ಈಗ್ಲೇ ಹೊರಡಿ."

ಗಾಡಿ ಬರುವತನಕ ಅನುಶ್ರೀ ಗೇಟಿಗೂ ಬ್ಯಾಟರಿಗೂ ಎಷ್ಟು ಸಲ ಓಡಾಡಿದಳೋ ದೇವರೇ ಬಲ್ಲ. ಬಂತು. ಮೆಕ್ಯಾನಿಕ್ ವೈರು ಬಿಗಿದ, ಗುಂಡಿ ಒತ್ತಿದ. ಹಸಿರು ದೀಪ ಹತ್ತಿತು. ಅವಳು ರೆಪ್ಪೆ ಬಡಿಯದೆ ನೋಡಿದಳು. ದೀಪ ಆರಲಿಲ್ಲ.

"ಸದ್ದೇ ಇಲ್ವಲ್ಲೇ, ಓಡ್ತಿದ್ಯಾ ಇದು?" ಎಂದರು ಕಾಮಾಕ್ಷಮ್ಮ.

"ಶ್! ಅತ್ತೆ, ಕೇಳಿ."

ಮಶೀನಿನ ಗಾಜಿಗೆ ಎಲ್ಲರೂ ಕಿವಿಯಿಟ್ಟರು, ಧರ್ಮೇಂದ್ರನೂ. ಒಳಗೆ ಎಲ್ಲೋ ಒಂದು ಮೊಟ್ಟೆಯಿಂದ ಚಿಂವ್ ಚಿಂವ್ ಕೇಳುತ್ತಿತ್ತು.

"ಇದು ಆಗಿಂದ್ಲೂ ಕೂಗ್ತಿತ್ತೇನೋ," ಎಂದ ಧರ್ಮೇಂದ್ರ ಮೆಲ್ಲಗೆ. "ನನ್ನ ಜನರೇಟರ್ ಗಲಾಟೇಲಿ ಕೇಳಿಸ್ಲಿಲ್ಲ."