ಸೋಮವಾರ ಮೂಡಲಿಗೆ ಶೂಲೆ

ತಮಗೂ ಗೊತ್ತಿಲ್ಲದ್ದೊಂದು ಇರಬಹುದೆಂಬ ಅನುಮಾನ ಕಂಪಲಾಪುರದ ವೀರಭದ್ರಸ್ವಾಮಿಯವರಿಗೆ ಒಂದು ದಿನವೂ ಬಂದದ್ದಿಲ್ಲ. ಮೂವತ್ತು ವರ್ಷ ಅವರೊಂದಿಗೆ ಬಾಳಿದ ಮಂಗಳಮ್ಮನಿಗೆ ಅದು ರೂಢಿಯಾಗಿತ್ತು. ಈ ಸಲ ಮಾತ್ರ ಅವಳು ಸುಮ್ಮನಿರಲಿಲ್ಲ.

ಹೈದರಾಬಾದಿನಲ್ಲಿದ್ದ ಮಗಳು ಪೂಜಾಳ ಹೆರಿಗೆಗೆ ಡಾಕ್ಟರು ದಿಢೀರನೆ ಸೋಮವಾರ ಸಂಜೆ ಆರಕ್ಕೆ ಆಪರೇಷನ್ ಎಂದಿದ್ದರು. ಒಳಗೆ ಕರೆದೊಯ್ಯುವ ಮುಂಚೆ ನೀನು ಪಕ್ಕದಲ್ಲಿರಬೇಕೆಂದು ಮಗಳು ಫೋನಿನಲ್ಲಿ ಅತ್ತಿದ್ದಳು. ಅಳಿಯ ಶರತ್ ಸೋಮವಾರ ಮಧ್ಯಾಹ್ನದ ವಿಮಾನಕ್ಕೆ ಮೈಸೂರಿನಿಂದ ಎರಡು ಟಿಕೆಟ್ ಮಾಡಿಸಿದ್ದ.

ಸ್ವಾಮಿಯವರು ಪಂಚಾಂಗ ತೆಗೆದರು. ಸೋಮವಾರ ಮೂಡಲಿಗೆ ಶೂಲೆ, ಆ ದಿಕ್ಕಿಗೆ ಹೆಜ್ಜೆ ಇಡುವಂತಿಲ್ಲ. ಮೈಸೂರು ಇದ್ದದ್ದು ಮೂಡಲಿಗೇ. ಪಂಚಾಂಗ ಮುಚ್ಚಿ ಮೊಬೈಲು ತೆಗೆದರು. ಮೈಸೂರು ವಿಮಾನ ನಿಲ್ದಾಣದಿಂದ ಪಡುವಲಿನ ಕಣ್ಣೂರು ನಿಲ್ದಾಣಕ್ಕೆ ಬರೀ ಇಪ್ಪತ್ತೈದು ನಿಮಿಷ ಎಂದಿತು ಅದು.

"ಇಮಾನಕ್ಕೆ ಇಪ್ಪತ್ತೈದು ನಿಮಿಷ. ನಾವು ನಡುವೆ ಇದೀವಿ ಕಣೆ, ಜೀಪಿಗೆ ಒಂದೂವರೆ ಗಂಟೆ ದಂಡಿಯಾಯ್ತು."

ನಡುವೆ ಮಾಕುಟ್ಟದ ಘಾಟಿ ಇದೆಯಲ್ಲ ಎಂದಳು ಮಂಗಳಮ್ಮ. ಮೊಬೈಲು ಸುಳ್ಳು ಹೇಳುತ್ತದೆಯೇ ಎಂದು ಅವರು ನಕ್ಕರು. ಹೈದರಾಬಾದು ಯಾವ ದಿಕ್ಕಿಗಿದೆ ಎಂದು ಪಂಚಾಂಗವನ್ನೂ ಕೇಳಲಿಲ್ಲ, ಮೊಬೈಲನ್ನೂ ಕೇಳಲಿಲ್ಲ. ಕಣ್ಣೂರಿನಿಂದ ಎರಡು ಟಿಕೆಟ್ ಕೊಂಡು, ಮೈಸೂರಿನವನ್ನು ರದ್ದು ಮಾಡೆಂದು ಅಳಿಯನಿಗೆ ಅಪ್ಪಣೆ ಕೊಟ್ಟರು. ಮಂಗಳಮ್ಮ ಹಿತ್ತಲಿಗೆ ಹೋಗಿ, ಮಾವನದ್ದನ್ನು ಮಾತ್ರ ರದ್ದು ಮಾಡು ಎಂದು ಫೋನಿನಲ್ಲಿ ಪಿಸುಗುಟ್ಟಿದಳು.

ಸೋಮವಾರ ಬೆಳಿಗ್ಗೆ ಏಳಕ್ಕೆಲ್ಲ ಅವಳು ಸೀರೆ ಉಟ್ಟು ಬಾಗಿಲಿಗೆ ಬಂದಳು. ಕಾಫಿ ಕುಡಿಯುತ್ತಿದ್ದ ಸ್ವಾಮಿಯವರು ಎಲ್ಲಿಗೆಂದು ಕೇಳಿದರು.

"ಮೈಸೂರಿಗೆ. ನಾನು ನೆನ್ನೆನೇ ಹೊಂಟಾಯ್ತು ಕಣ್ರೀ. ಬ್ಯಾಗು ಪಕ್ಕದ ಮನೆ ಕೆಂಪಾಜಮ್ಮನ ಜಗಲಿಲಿ ಅದೆ."

ಸ್ವಾಮಿಯವರು ಕಾಫಿ ಲೋಟ ಕೆಳಗಿಟ್ಟರು. ಶೂಲೆ ಇದ್ದರೆ ಹಿಂದಿನ ದಿನವೇ ಸಾಮಾನೊಂದನ್ನು ನೆರೆಮನೆಯಲ್ಲಿಟ್ಟರೆ ಹೊರಟಂತೆಯೇ ಲೆಕ್ಕ. ಸೋಮವಾರದ ಹೊಗೆಸೊಪ್ಪಿನ ಹರಾಜಿಗೆ ಮೂಡಲಿಗೆ ಹೋಗಬೇಕಾದಾಗ ಭಾನುವಾರವೇ ತಮ್ಮ ಛತ್ರಿಯನ್ನು ಅದೇ ಜಗಲಿಯಲ್ಲಿಟ್ಟು ಬರುತ್ತಿದ್ದವರು ಅವರೇ. ಹಾಗಂತ ಸೋಲೊಪ್ಪಿದರೆ ಅವರು ವೀರಭದ್ರಸ್ವಾಮಿ ಹೇಗಾದಾರು? ನೋಡೋಣ, ಯಾರು ಮೊದಲು ಮುಟ್ಟುತ್ತಾರೋ ಎಂದರು. ಹನ್ನೊಂದಕ್ಕೆ ಜೀಪು ಪಡುವಲಿಗೆ ತಿರುಗಿತು.

ಮಂಗಳಮ್ಮ ಒಂಟಿಯಾಗಿಯೇ ವಿಮಾನ ಹತ್ತಿದಳು. ಐದಕ್ಕೆ ಅವಳು ಆಸ್ಪತ್ರೆಯಲ್ಲಿ ಮಗಳ ಕೈ ಹಿಡಿದು ಕೂತಿದ್ದಳು. ಆಗ ಸ್ವಾಮಿಯವರ ಫೋನು ಬಂತು. ಘಾಟಿಯಲ್ಲಿ ಮರದ ಲಾರಿ ಅಡ್ಡ ನಿಂತು ಮೂರು ಗಂಟೆ ಕಾದರಂತೆ. ಕಣ್ಣೂರು ಮುಟ್ಟುವಷ್ಟರಲ್ಲಿ ವಿಮಾನ ಹೋಗಿತ್ತಂತೆ. ಸ್ವಾಮಿಯವರ ದನಿ ಇಳಿದುಹೋಗಿತ್ತು.

"ಮನೆಗೆ ಹಿಂದಕ್ಕೆ ಹೊಂಟಿದೀನಿ ಕಣೆ."

"ಬ್ಯಾಡಿ," ಎಂದಳು ಮಂಗಳಮ್ಮ. "ಅಲ್ಲಿಂದ ನಮ್ಮೂರು ಮೂಡಲಿಗೆ. ಇವತ್ತು ಸೋಮವಾರ. ಅಲ್ಲೇ ಇರಿ, ಮಗು ಹುಟ್ಟಿದ ಮೇಲೆ ಫೋನ್ ಮಾಡ್ತೀನಿ."