ಎರಡೇ ಗಂಟೆಯ ದಾರಿ

ಅಕ್ಕನಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ. ಇಳಿದ ವಿಮಾನದೊಳಗೆ ಹೊಕ್ಕು, ಸೀಟಿನ ಸಂದಿಯ ಬಿಸ್ಕತ್ತಿನ ಚೂರು, ಮಕ್ಕಳ ಕಾಲುಚೀಲ ಎಲ್ಲ ಬಾಚಿ, ಮುಂದಿನ ಮಂದಿ ಹತ್ತುವ ಮೊದಲು ಹೊರಗೆ ಬರಬೇಕು. ನಮ್ಮೂರಿಗೆ ಬರುವ ವಿಮಾನವನ್ನೂ ಅವಳೇ ಗುಡಿಸುತ್ತಿದ್ದಳು. ಅದರಲ್ಲಿ ಕೂತು ಬಂದಿದ್ದು ಮಾತ್ರ ಎರಡೇ ಸಲ. "ಅಷ್ಟು ದೂರ ಹೋಗಿ ಕೂತ್ಯಲ್ಲೇ" ಎಂದು ಅಮ್ಮ ಕೊರಗಿದಾಗಲೆಲ್ಲ, "ಎಂಥ ದೂರಾನಮ್ಮ, ಎರಡೇ ಗಂಟೆ. ನೀನು ಉಂಡು ಒಂದು ನಿದ್ದೆ ತೆಗೆದು ಏಳೋದ್ರಲ್ಲಿ ಬಾಗಿಲಲ್ಲಿರ್ತೀನಿ" ಅನ್ನುತ್ತಿದ್ದಳು.

ಫೋನು ಮಾಡುವುದು ಕೆಲಸದ ನಡುವೆಯೇ. ಅವಳ ಹಿಂದೆ ಧ್ವನಿವರ್ಧಕದಲ್ಲಿ ಒಬ್ಬ ಹೆಂಗಸು ಸದಾ ಮೂಗಿನಲ್ಲಿ ರಾಗ ಎಳೆದು ಕೂಗುತ್ತಿರುತ್ತಿದ್ದಳು. ಅಮ್ಮ ಅವಳಿಗೆ 'ನಾದಿನಿ' ಎಂದೇ ಹೆಸರಿಟ್ಟಿದ್ದಳು. "ತಡಿಯೇ, ನಿನ್ನ ನಾದಿನಿ ಬಾಯಿ ಮುಚ್ಚಲಿ, ಆಮೇಲೆ ಹೇಳು."

ಅಮ್ಮನ ಹೊಟ್ಟೆಯ ಗಡ್ಡೆ ಕೈಮೀರಿದ ದಿನ ಬೆಳಿಗ್ಗೆಯೇ ಅಕ್ಕನಿಗೆ ತಿಳಿಸಿದೆ. "ಹೊರಟೆ" ಎಂದಳು. ಅಮ್ಮನಿಗೆ ಅಷ್ಟು ಸಾಕಾಯಿತು. ನರ್ಸು ನೋವಿನ ಇಂಜೆಕ್ಷನ್ ತಂದರೆ ಕೈ ಎಳೆದುಕೊಂಡಳು. ಇನ್ನು ಕೊಟ್ಟರೆ ನಿದ್ದೆ, ಮತ್ತೆ ಎಚ್ಚರವಾಗುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು.

"ಎರಡು ಗಂಟೆ ತಾನೇ? ಅವಳ ಮುಖ ನೋಡಿ ಚುಚ್ಚಿಸ್ಕೋತೀನಿ."

ಎರಡು ಗಂಟೆ ಅನ್ನುವುದು ಆಕಾಶದ ಲೆಕ್ಕ. ಮೇಸ್ತ್ರಿ ರಜೆ ಕೊಡಬೇಕು, ಸೀಟು ಸಿಗಬೇಕು, ಇಳಿದ ಮೇಲೆ ರಸ್ತೆ ಬೇರೆ. ಅಕ್ಕನಿಗೆ ಸಿಕ್ಕಿದ್ದು ಸಂಜೆಯ ವಿಮಾನ. ಅದಕ್ಕಾಗಿ ಅಲ್ಲೇ ಕಾಯುತ್ತ ಕೂತಿದ್ದಳು. ಇತ್ತ ಮಧ್ಯಾಹ್ನದ ಹೊತ್ತಿಗೆ ಅಮ್ಮ ಮಂಚದ ಕಂಬಿ ಹಿಡಿದು, ಹೊದಿಕೆಯ ಅಂಚನ್ನು ಹಲ್ಲಲ್ಲಿ ಕಚ್ಚಿದ್ದಳು.

"ಇಳಿದಳೇನೋ?"

"ಇನ್ನೇನು, ಬಂದ್ಲು."

ನೋಡಲಾಗಲಿಲ್ಲ. ಹೊರಗೆ ಬಂದು ಅಕ್ಕನಿಗೆ ಫೋನು ಹಚ್ಚಿದೆ. "ಕೈ ಮುಗೀತೀನಿ ಅಕ್ಕಾ, ಇಳಿದಿದ್ದೀನಿ ಅಂತ ಹೇಳಿಬಿಡು. ನೀನು ಹೇಳಿದ್ರೆ ಚುಚ್ಚಿಸ್ಕೋತಾಳೆ."

"ಹಾಗಂದ್ರೆ ಅವಳು ನನ್ನ ನೋಡಲ್ಲ ಕಣೋ."

"ಗೊತ್ತು."

"...ಕೊಡು ಅವಳಿಗೆ."

ಫೋನನ್ನು ಅಮ್ಮನ ಕಿವಿಗಿಟ್ಟೆ. "ಅಮ್ಮಾ, ಇಳಿದೆ. ಟ್ಯಾಕ್ಸಿ ಹತ್ತಿದ್ದೀನಿ. ಚುಚ್ಚಿಸ್ಕೊಂಡು ಮಲಗಿರು, ಬಂದು ಎಬ್ಬಿಸ್ತೀನಿ."

ಅಷ್ಟರಲ್ಲಿ ಅವಳ ಹಿಂದಿನಿಂದ ಅದೇ ಮೂಗಿನ ರಾಗ. ಅಮ್ಮ ಕಣ್ಣು ತೆರೆದು ನನ್ನನ್ನೇ ನೋಡುತ್ತ ಕೂಗನ್ನು ಪೂರ್ತಿ ಕೇಳಿಸಿಕೊಂಡಳು.

"ಆಯ್ತು ಪುಟ್ಟೀ, ನಿಧಾನಕ್ಕೆ ಬಾ" ಅಂದಳು.

ಫೋನು ತೆಗೆದೆ. "ನಾದಿನಿ ಇನ್ನೂ ಕೂಗ್ತಾನೇ ಇದ್ದಾಳಲ್ಲೋ" ಎಂದಳು ಮೆಲ್ಲಗೆ. ನಾನು ಬಾಯಿ ತೆರೆಯುವ ಮೊದಲೇ, "ನನಗೆ ಗೊತ್ತಾಯ್ತು ಅಂತ ಅವಳಿಗೆ ಹೇಳಬೇಡ. ದಾರಿಯುದ್ದಕ್ಕೂ ಅಳ್ತಾ ಬರ್ತಾಳೆ. ನರ್ಸನ್ನ ಕರಿ."

ತಾನೇ ತೋಳು ಚಾಚಿದಳು.

ಅಕ್ಕ ಬಂದಾಗ ಉಸಿರೊಂದಿತ್ತು. ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ಎಬ್ಬಿಸುತ್ತೇನೆ ಅಂದವಳು ಎಬ್ಬಿಸಲು ಹೋಗಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಹೊದಿಕೆಯ ಮೇಲಿನ ಬ್ರೆಡ್ಡಿನ ಚೂರುಗಳನ್ನು ಒಂದೊಂದೇ ಆಯ್ದು ಅಂಗೈಯಲ್ಲಿ ಕೂಡಿಸತೊಡಗಿದಳು.

"ನಂಬಿದ್ಲೇನೋ?"

"ನಂಬದೆ ಏನು?" ಎಂದೆ. "ನಿಧಾನಕ್ಕೆ ಬಾ ಅನ್ನಲಿಲ್ವಾ?"